ಶಾಲೆಯ ಬಾಗಿಲು ಮತ್ತು ಕೂಲಿಕಾರರ ಮಕ್ಕಳು



ಕಾಫಿ ಹಣ್ಣಿನ ಕುಯ್ಲಿನಲ್ಲಿ ಕೂಡಿಟ್ಟ ನಾಲ್ಕು ಕಾಸು ಯುಗಾದಿ, ಈಸ್ಟರ್ ಕಳೆಯುವಷ್ಟರಲ್ಲಿ ಕರಗಿಹೋಗುತ್ತದೆ. ಮಳೆ ಹಿಡಿದು ತೋಟದಲ್ಲಿ ಕೆಲಸ ಕಡಮೆಯಾಗುವ ಹೊತ್ತಿಗೇ ಶಾಲೆ ತೆರೆಯುತ್ತದೆ. ಆಗ ಪ್ರತಿ ಲೈನುಮನೆಯಲ್ಲೂ ಒಂದೇ ಮಾತು: ಮಗುವನ್ನು ಸರ್ಕಾರಿ ಶಾಲೆಯಲ್ಲಿ ಬಿಡುವುದೋ, ಪೇಟೆಯ ಕ್ರೈಸ್ತ ಶಾಲೆಗೆ ಹಾಕುವುದೋ? ಗೇಟಿನ ಮೇಲೆ ಶಿಲುಬೆ, ಒಳಗೆ ಇಂಗ್ಲಿಷು, ಬೆಳಿಗ್ಗೆ ಪ್ರಾರ್ಥನೆ. ನಮ್ಮವರ ಶಾಲೆ ಎಂಬ ಭರವಸೆಯ ಜೊತೆಗೇ ಫೀಸಿನ ಭಯವೂ ಇದೆ. ಈ ಸಂಗತಿಯನ್ನು ಈ ಸಂಚಿಕೆಯಲ್ಲಿ ವಿಚಾರಿಸಲು ನಾವು ಕಾಫಿ ನಾಡನ್ನು ಸ್ವಲ್ಪ ಬಿಟ್ಟು ಗಡಿಯಾಚೆಯ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ಕಡೆ ನೋಡುತ್ತೇವೆ. ನಮ್ಮ ಕಷ್ಟವನ್ನು ಇನ್ನೊಬ್ಬರ ಮನೆಯಲ್ಲಿ ಕಂಡಾಗ ಅದು ಹೆಚ್ಚು ಸ್ಪಷ್ಟವಾಗಿ ತಿಳಿಯುತ್ತದೆ.

ಈ ಮೂರು ಊರುಗಳೂ ಕನ್ನಡಕ್ಕೆ ಪರಕೀಯವಲ್ಲ. 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ಬೀದರ್ ಜಿಲ್ಲೆಗೆ, ತಾಂಡೂರು ಗುಲ್ಬರ್ಗಾ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಂಧ್ರಕ್ಕೆ ಹೋದವು, 2014ರಿಂದ ತೆಲಂಗಾಣದಲ್ಲಿವೆ. ಅಲ್ಲಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಬಜಾರಿನಲ್ಲಿ ಉರ್ದು ಆಡುವ ಕುಟುಂಬಗಳು ಇಂದಿಗೂ ಇವೆ. ತಾಂಡೂರಿನಲ್ಲಿ ಕಲ್ಲುಗಣಿಯ ಮತ್ತು ಬಂಡೆ ಪಾಲಿಷಿನ ಕೆಲಸ, ಸಿಮೆಂಟ್ ಕಾರ್ಖಾನೆಗಳು, ಸುತ್ತ ತೊಗರಿ ಹೊಲ. ಜಹೀರಾಬಾದ್ ಕಡೆ ಕಬ್ಬು ಮತ್ತು ಕಾರ್ಖಾನೆ. ನಾರಾಯಣಖೇಡದ ಹಳ್ಳಿ ತಾಂಡಾಗಳಿಂದ ಜನ ಕಬ್ಬು ಕಡಿಯಲು ಊರು ಬಿಟ್ಟು ಹೋಗುತ್ತಾರೆ. ಸುಗ್ಗಿಯ ಲೆಕ್ಕದ ಕೂಲಿ, ಮೇಸ್ತ್ರಿಯ ಹತ್ತಿರ ಮುಂಗಡ, ಊರೂರು ಅಲೆಯುವ ಮಕ್ಕಳು. ಇದೆಲ್ಲ ನಮಗೆ ಗೊತ್ತಿರುವ ಬದುಕೇ.

ಆ ಸೀಮೆಗೆ ಕ್ರೈಸ್ತ ಶಾಲೆ ಹೊಸದಲ್ಲ. ಅಮೆರಿಕದ ಮೆಥಡಿಸ್ಟ್ ಮಿಷನ್ನಿನವರು ಬೀದರ್, ವಿಕಾರಾಬಾದ್ ಕಡೆ ಶಾಲೆ ತೆರೆದರು. ಪಕ್ಕದ ಮೆದಕಿನಲ್ಲಿ ವೆಸ್ಲಿಯನ್ ಮಿಷನರಿ ಚಾರ್ಲ್ಸ್ ಪಾಸ್ನೆಟ್ ಬರಗಾಲದ ಜನಕ್ಕೆ ಕೆಲಸ ಕೊಟ್ಟು ಅನ್ನ ಹಾಕುತ್ತ ದೊಡ್ಡ ದೇವಾಲಯ ಕಟ್ಟಿಸಿದರು. ಅದರ ಪ್ರತಿಷ್ಠೆ 1924ರ ಕ್ರಿಸ್ತ ಜಯಂತಿಯ ದಿನ ನಡೆಯಿತು. ಊರಿನ ಬಾವಿಗೆ ಸೇರಿಸದ ಮಕ್ಕಳನ್ನು ಬೆಂಚಿನ ಮೇಲೆ ಕೂಡಿಸಿದ ಕೀರ್ತಿ ಆ ಕಾಲದ ಮಿಷನ್ ಶಾಲೆಗಳದು. ನಮ್ಮ ಕೊಡಗಿನಲ್ಲೂ ಅದೇ ಕಥೆ. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮತ್ತು ಆನಂದರಾವ್ ಕೌಂಡಿನ್ಯರು ಜೀತದ ಹಟ್ಟಿಗಳಿಂದ ಬಂದ ಕುಟುಂಬಗಳನ್ನು ಆನಂದಪುರದಲ್ಲಿ ನೆಲೆಗೊಳಿಸಿದರು. ದೇವರ ವಾಕ್ಯ, ಅಕ್ಷರ, ದುಡಿಯುವ ನೆಲ ಈ ಮೂರೂ ಜೊತೆಯಾಗಿರಬೇಕೆಂಬುದು ಅವರ ತಿಳಿವಳಿಕೆಯಾಗಿತ್ತು.

ಆದರೆ ಇಂದು ಪೇಟೆಯ ಓಣಿಯಲ್ಲಿ ಕಾಣುವ ಸಣ್ಣ ಖಾಸಗಿ ಕ್ರೈಸ್ತ ಶಾಲೆ ಬೇರೆ ಜಾತಿಯದು. ಅದಕ್ಕೆ ವಿದೇಶದ ಹಣವಿಲ್ಲ, ಸರ್ಕಾರದ ಅನುದಾನವಿಲ್ಲ. ಒಬ್ಬ ಸಭಾಪಾಲಕರೋ, ಒಂದು ಕುಟುಂಬವೋ ಬಾಡಿಗೆ ಮನೆಯಲ್ಲಿ ನಡೆಸುವ ಶಾಲೆ ಅದು. ಮಕ್ಕಳ ಫೀಸು ಬಂದರೆ ಟೀಚರಿಗೆ ಸಂಬಳ, ಬಾರದಿದ್ದರೆ ಇಲ್ಲ. ಹಳೆಯ ಮಿಷನ್ ಶಾಲೆಯ ಹೆಸರಿನ ನೆರಳು ಇದರ ಮೇಲೆ ಬಿದ್ದಿರುವುದರಿಂದ ತಂದೆತಾಯಿಗಳು ಹಳೆಯ ದಯೆಯನ್ನು ಎದುರುನೋಡುತ್ತಾರೆ. ಶಾಲೆಯವರೋ ತಿಂಗಳ ಬಾಡಿಗೆಯನ್ನು ನೋಡಬೇಕಾಗುತ್ತದೆ. ಅರ್ಧ ಜಗಳ ಹುಟ್ಟುವುದು ಇಲ್ಲಿಯೇ.

ಇಂಥ ಶಾಲೆಗಳಿಗೆ ಮಕ್ಕಳನ್ನು ಕಳುಹಿಸಿದ ಕುಟುಂಬಗಳ ಮಾತು ಕೇಳಿದರೆ ಕೃತಜ್ಞತೆಯೇ ಮೊದಲು ಬರುತ್ತದೆ. ಟೀಚರು ಮಗುವನ್ನು ಹೆಸರು ಹಿಡಿದು ಕರೆಯುತ್ತಾರೆ. ಎರಡು ದಿನ ಬಾರದಿದ್ದರೆ ಮನೆಗೆ ಹೇಳಿ ಕಳುಹಿಸುತ್ತಾರೆ. ಬೆಳೆದ ಹುಡುಗಿಯನ್ನು ಧೈರ್ಯವಾಗಿ ಕಳುಹಿಸಬಹುದು. ಕಲ್ಲು ಒಡೆಯುವವನ ಮಗನೂ ಅಂಗಡಿ ಸಾಹುಕಾರನ ಮಗನೂ ಒಂದೇ ಸಾಲಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಾರೆ. ದುಡಿದು ದಣಿದ ತಾಯಿಗೆ ಇದು ಸಣ್ಣ ಸಮಾಧಾನವಲ್ಲ. ಇದನ್ನು ಹಗುರವಾಗಿ ಕಾಣುವವರೊಡನೆ ನಾವು ಸೇರುವುದಿಲ್ಲ.

ಆಮೇಲೆ ಕಷ್ಟದ ಮಾತು ಬರುತ್ತದೆ. ಫೀಸು ಒಂದೇ ಅಲ್ಲ. ವ್ಯಾನು, ಸಮವಸ್ತ್ರ, ಷೂ, ಪುಸ್ತಕ, ಮಧ್ಯಾಹ್ನದ ಬುತ್ತಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟವೂ ಪಠ್ಯಪುಸ್ತಕವೂ ಬಿಟ್ಟಿ. ಇಲ್ಲಿ ಎಲ್ಲಕ್ಕೂ ಕೈಯಿಂದ ದುಡ್ಡು. ಕೂಲಿ ಬರುವುದು ಸುಗ್ಗಿಯಲ್ಲಿ, ಫೀಸು ಕೇಳುವುದು ತಿಂಗಳು ತಿಂಗಳು. ಬಾಕಿ ಬೆಳೆದಾಗ ಮಗುವನ್ನು ತರಗತಿಯ ಹೊರಗೆ ನಿಲ್ಲಿಸುವುದು, ಪರೀಕ್ಷೆಯ ಹೊತ್ತಿಗೆ ಹಾಲ್ ಟಿಕೆಟ್ ಹಿಡಿದಿಟ್ಟುಕೊಳ್ಳುವುದು, ಊರು ಬಿಡುವವರಿಗೆ ಟಿ.ಸಿ. ಕೊಡದೆ ಸತಾಯಿಸುವುದು ಅಲ್ಲಲ್ಲಿ ನಡೆಯುತ್ತದೆ. ಸಾಲ ಮಾಡಿದವನು ತಂದೆ, ಅವಮಾನ ಪಡುವವನು ಮಗು. ಇದು ಯಾವ ನ್ಯಾಯ?

ಈ ವಿಷಯದಲ್ಲಿ ನಮ್ಮ ಜನ ತಿಳಿದಿರಬೇಕಾದ ಒಂದು ಸಂಗತಿ ಇದೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆಯವರು ಎಂಟನೆಯ ತರಗತಿಯೊಳಗಿನ ಮಗುವನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ನಿರಾಕರಿಸುವಂತಿಲ್ಲ. ಕೆಲಸ ಹುಡುಕಿಕೊಂಡು ಊರು ಬದಲಿಸುವ ನಮ್ಮಂಥವರಿಗೆ ಇದು ದೊಡ್ಡ ಆಸರೆ. ಮುಖ್ಯೋಪಾಧ್ಯಾಯರ ಮುಂದೆ ತಲೆ ತಗ್ಗಿಸಿ ನಿಲ್ಲದೆ ಈ ಮಾತನ್ನು ಮರ್ಯಾದೆಯಿಂದ ಹೇಳಿರಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದ್ದು. ಕೆಲವು ಸಣ್ಣ ಶಾಲೆಗಳಿಗೆ ಸರ್ಕಾರದ ಮಾನ್ಯತೆ ಐದನೆಯ ಅಥವಾ ಏಳನೆಯ ತರಗತಿಯವರೆಗೆ ಮಾತ್ರ ಇರುತ್ತದೆ. ತರಗತಿಗಳು ಮಾತ್ರ ಅದನ್ನು ದಾಟಿ ನಡೆಯುತ್ತವೆ. ಹತ್ತನೆಯ ತರಗತಿಯ ಪರೀಕ್ಷೆಗೆ ಅರ್ಜಿ ಹಾಕುವಾಗ ಮಗುವಿನ ಹೆಸರು ಬೇರೊಂದು ಶಾಲೆಯ ಹಾಜರಿ ಪುಸ್ತಕದಲ್ಲಿರುವುದು ತಂದೆಗೆ ತಿಳಿಯುತ್ತದೆ, ಇಲ್ಲವೇ ಎಲ್ಲಿಯೂ ಇರುವುದಿಲ್ಲ. ಹತ್ತು ವರ್ಷ ಕಟ್ಟಿದ ಫೀಸು ಆ ದಿನ ನೀರಿನಲ್ಲಿ ಹೋಮ. ಆದುದರಿಂದ ಸೇರಿಸುವ ಮೊದಲೇ ಮಾನ್ಯತೆಯ ಪತ್ರ ತೋರಿಸಿರೆಂದು ಕೇಳಿರಿ. ಯಾವ ತರಗತಿಯವರೆಗೆ, ಯಾವ ಮಾಧ್ಯಮಕ್ಕೆ ಎಂದು ಓದಿಸಿಕೊಳ್ಳಿರಿ. ಅಯ್ಯನವರ ಶಾಲೆಯಲ್ಲಿ ಹೀಗೆ ಕೇಳಬಹುದೇ ಎಂದು ಅಂಜಬೇಡಿರಿ. ಒಳ್ಳೆಯ ಶಾಲೆಯವರು ಸಂತೋಷದಿಂದ ತೋರಿಸುವರು.

ಭಾಷೆಯ ಮಾತನ್ನೂ ಹೇಳಬೇಕು. ತೆಲಂಗಾಣ ಸರ್ಕಾರ 2018ರಲ್ಲಿ ಎಲ್ಲ ಶಾಲೆಗಳಲ್ಲೂ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಲು ಕಾಯಿದೆ ತಂದಿತು. ಇರುವ ನಾಡಿನ ಭಾಷೆ ಕಲಿಯುವುದು ಸರಿಯೇ. ನಮ್ಮ ರಾಜ್ಯದಲ್ಲೂ 2015ರ ಕನ್ನಡ ಕಲಿಕೆಯ ಕಾಯಿದೆ ಇದೆ. ಆದರೆ ಇಂಗ್ಲಿಷ್, ತೆಲುಗು, ಹಿಂದಿ ಕಲಿಯುವ ಮಗು ಅಜ್ಜಿಯ ಕನ್ನಡ ಬೈಬಲನ್ನು ಓದಲಾರದೆ ಹೋಗುತ್ತದೆ. ದೊಡ್ಡವರ ಪ್ರಾರ್ಥನೆಯ ಮಾತು ಚಿಕ್ಕವರಿಗೆ ಅರ್ಥವಾಗದ ಮನೆಯಲ್ಲಿ ನಂಬಿಕೆ ತಲೆಮಾರು ದಾಟುವುದು ಕಷ್ಟ. ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ತೆಲುಗು ಲಿಪಿಯೂ ಕನ್ನಡ ಲಿಪಿಯೂ ಅಕ್ಕತಂಗಿಯರು. ಒಂದನ್ನು ಬಲ್ಲ ಮಗುವಿಗೆ ಇನ್ನೊಂದನ್ನು ಕಲಿಸಲು ಹೆಚ್ಚು ಕಾಲ ಬೇಡ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ರಾಬರ್ಟ್ ರೇಕ್ಸ್ ಎಂಬವರು ಭಾನುವಾರದ ಶಾಲೆ ತೆರೆದದ್ದು ಏಕೆ? ವಾರವೆಲ್ಲ ದುಡಿಯುತ್ತಿದ್ದ ಬಡ ಮಕ್ಕಳಿಗೆ ರಜೆಯ ಒಂದೇ ದಿನ ಓದು ಕಲಿಸಲಿಕ್ಕೆ. ನಮ್ಮ ಸಂಡೇಸ್ಕೂಲು ಮತ್ತೆ ಆ ಕೆಲಸಕ್ಕೆ ಇಳಿಯಲಿ. ಹಾಡು, ಬಾಯಿಪಾಠ ಆದ ಮೇಲೆ ಅರ್ಧ ಗಂಟೆ ಕನ್ನಡ ಅಕ್ಷರಕ್ಕೆ ಸಲ್ಲಲಿ.

ಸೇರಿಸುವ ದಿನ ಅರ್ಜಿಯಲ್ಲಿ ತುಂಬುವ ಜಾತಿ, ಧರ್ಮದ ಕಾಲಮ್ಮಿನ ಬಗೆಗೂ ಎಚ್ಚರವಿರಲಿ. 1950ರ ರಾಷ್ಟ್ರಪತಿಗಳ ಆದೇಶದಿಂದಾಗಿ ಕ್ರೈಸ್ತರಾದ ದಲಿತರಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಬಾಗಿಲು ತೆರೆಯಿತು, ನಮಗೆ ತೆರೆದಿಲ್ಲ. ತೆಲಂಗಾಣದಲ್ಲಿ ಇಂಥ ಕುಟುಂಬಗಳನ್ನು ಹಿಂದುಳಿದ ವರ್ಗದ ‘ಸಿ’ ಗುಂಪಿನಲ್ಲಿ, ಕರ್ನಾಟಕದಲ್ಲಿ ಪ್ರವರ್ಗ ಒಂದರಲ್ಲಿ ಇಟ್ಟಿದ್ದಾರೆ. ಇದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಆದರೂ ಇರುವ ಹಕ್ಕನ್ನು ತಿಳಿಯದೆ ಬಿಡುವುದು ಬುದ್ಧಿಯಲ್ಲ. ಗುಮಾಸ್ತರು ಬರೆದದ್ದಕ್ಕೆ ಹೆಬ್ಬೆಟ್ಟು ಒತ್ತಿ ಬರುವ ಮೊದಲು ಏನು ಬರೆದಿದ್ದಾರೆಂದು ಕೇಳಿ ತಿಳಿಯಿರಿ. ಅಂದು ಬರೆದದ್ದು ಮುಂದೆ ವಿದ್ಯಾರ್ಥಿವೇತನ, ವಸತಿಶಾಲೆ, ನೌಕರಿ ಎಲ್ಲಕ್ಕೂ ಬೆನ್ನು ಹತ್ತುತ್ತದೆ.

ಶಾಲೆಯ ಇನ್ನೊಂದು ಮಗ್ಗುಲನ್ನು ಮರೆತರೆ ನಾವು ಕಾರ್ಮಿಕರ ಪತ್ರಿಕೆ ಎಂದು ಹೇಳಿಕೊಳ್ಳಲು ಯೋಗ್ಯರಲ್ಲ. ನಮ್ಮ ಮಗುವಿಗೆ ಅಕ್ಷರ ಹೇಳುವ ಟೀಚರಮ್ಮನೂ ಕೂಲಿಯವಳೇ. 2020ರ ಮಾರ್ಚಿನಲ್ಲಿ ಕೊರೊನಾ ಕಾರಣ ಶಾಲೆಗಳು ಮುಚ್ಚಿದಾಗ ಖಾಸಗಿ ಶಾಲೆಯ ಎಷ್ಟೋ ಶಿಕ್ಷಕರು ಹೊಲದ ಕೆಲಸಕ್ಕೆ, ತರಕಾರಿ ಮಾರಲಿಕ್ಕೆ ಹೋದರು. 2021ರ ಏಪ್ರಿಲಿನಲ್ಲಿ ತೆಲಂಗಾಣ ಸರ್ಕಾರ ಅವರಿಗೆ ತಿಂಗಳಿಗೆ 2,000 ರೂಪಾಯಿ ಮತ್ತು 25 ಕಿಲೋ ಅಕ್ಕಿ ಕೊಡುವುದಾಗಿ ಸಾರಿತು; ಅದೂ ಮಾನ್ಯತೆ ಇದ್ದ ಶಾಲೆಯವರಿಗೆ. ಫೀಸು ಕಡಮೆ ಮಾಡಿರೆಂದು ಕೇಳುವ ನಾವು ಟೀಚರಿಗೆ ಸಂಬಳ ಎಷ್ಟೆಂದೂ ಕೇಳಬೇಕು. ಒಬ್ಬ ಕೂಲಿಯವಳ ಹೊಟ್ಟೆ ಕಟ್ಟಿಸಿ ಇನ್ನೊಬ್ಬ ಕೂಲಿಯವಳ ಮಗು ಓದುವುದು ದೇವರಿಗೆ ಮೆಚ್ಚಿಕೆಯಲ್ಲ.

ಈಗ ಶಾಲೆ ನಡೆಸುವ ನಮ್ಮ ಸಹೋದರರಿಗೆ ಒಂದು ಮಾತು. ಖಾಸಗಿ ಶಾಲೆಗಳು ಕಾಲುಭಾಗ ಸ್ಥಾನಗಳನ್ನು ಬಡ ಮಕ್ಕಳಿಗೆ ಬಿಟ್ಟಿಯಾಗಿ ಕೊಡಬೇಕೆಂದು ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆದರೆ ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಟ್ಟಿರುವುದರಿಂದ, 2014ರ ಮೇ 6ರಂದು ಸುಪ್ರೀಂ ಕೋರ್ಟು ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು ತೀರ್ಪು ಕೊಟ್ಟಿತು. 2025ರಲ್ಲಿ ಅದೇ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಆ ತೀರ್ಪಿನ ಬಗ್ಗೆ ಸಂಶಯ ಎತ್ತಿ, ದೊಡ್ಡ ಪೀಠ ಅದನ್ನು ನೋಡಬೇಕೆಂದರು. ಕೋರ್ಟು ಏನೇ ಹೇಳಲಿ, ಕಾನೂನು ವಿನಾಯಿತಿ ಕೊಟ್ಟಿದೆ ಎಂಬ ಕಾರಣಕ್ಕೆ ಕರ್ತನೂ ವಿನಾಯಿತಿ ಕೊಟ್ಟನೇ? ಈ ಹಕ್ಕನ್ನು ಸಂವಿಧಾನ ನಮಗೆ ಕೊಟ್ಟದ್ದು ನಮ್ಮ ಸಮುದಾಯದ ದುರ್ಬಲರನ್ನು ಕಾಪಾಡಲಿಕ್ಕೆ. ನಮ್ಮ ದುರ್ಬಲರೇ ಗೇಟಿನ ಹೊರಗೆ ನಿಂತರೆ ಆ ಹಕ್ಕಿನಿಂದ ಯಾರಿಗೆ ಏನು ಬಂತು? ಮಕ್ಕಳನ್ನು ಕರೆತಂದವರನ್ನು ಶಿಷ್ಯರು ಗದರಿಸಿದಾಗ ಕರ್ತನು ಯಾರ ಮೇಲೆ ಕೋಪಗೊಂಡನೆಂಬುದನ್ನು ಶಾಲೆಯ ಆಡಳಿತ ಮಂಡಳಿಯವರು ನೆನಪಿನಲ್ಲಿಡಲಿ.

ತೋಟದ ಬಂಧುಗಳೇ, ನಿಮ್ಮ ಹಕ್ಕು ಪೇಟೆಯ ಶಾಲೆಯ ಗೇಟಿನಲ್ಲಿ ಮುಗಿಯುವುದಿಲ್ಲ. ಆರರಿಂದ ಹನ್ನೆರಡು ವಯಸ್ಸಿನ ಮಕ್ಕಳು 25ಕ್ಕಿಂತ ಹೆಚ್ಚಿರುವ ತೋಟದಲ್ಲಿ ಮಾಲೀಕರಿಂದ ಶಿಕ್ಷಣದ ಸೌಕರ್ಯ ಮಾಡಿಸಬಹುದೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತ್ತು. ಆ ಮಾತು 2020ರ ಹೊಸ ಕಾರ್ಮಿಕ ಸಂಹಿತೆಗೂ ಬಂದಿದೆ. ಕಾಗದದ ಮೇಲಿನ ಅಕ್ಷರ ಕೇಳುವವರಿಲ್ಲದಿದ್ದರೆ ಮಲಗಿರುತ್ತದೆ. ಸಂಘದ ಸಭೆಯಲ್ಲಿ ಅದನ್ನು ಎಬ್ಬಿಸಿರಿ. ಹತ್ತಿರದ ಸರ್ಕಾರಿ ಶಾಲೆಯನ್ನೂ ಕೈಬಿಡಬೇಡಿರಿ. ಅಲ್ಲಿ ಒಳ್ಳೆಯ ಮೇಷ್ಟ್ರು ಇದ್ದರೆ ಅದೂ ದೇವರ ಕೊಡುಗೆಯೇ. ಆರನೆಯ ತರಗತಿಯಿಂದ ಮೊರಾರ್ಜಿ ದೇಸಾಯಿ ವಸತಿಶಾಲೆಗಳಿವೆ. ಪ್ರವೇಶ ಪರೀಕ್ಷೆಯ ಸುದ್ದಿ ನಮ್ಮ ಲೈನುಗಳಿಗೆ ತಡವಾಗಿ ಮುಟ್ಟುತ್ತದೆ. ಐದನೆಯ ತರಗತಿಯ ಮಕ್ಕಳಿರುವ ಮನೆಯವರು ಶಾಲೆಯಲ್ಲಿ ಮೊದಲೇ ವಿಚಾರಿಸಿರಿ.

ಕ್ರೈಸ್ತ ಶಾಲೆಗೇ ಸೇರಿಸುವುದಾದರೆ ವರ್ಷದ ಪೂರ್ತಿ ಖರ್ಚನ್ನು ಮೊದಲೇ ಕೇಳಿ ಬರೆಸಿಕೊಳ್ಳಿರಿ. ಕುಯ್ಲಿನ ಕಾಲದಲ್ಲಿ ಎರಡು ಕಂತಾಗಿ ಕಟ್ಟಲು ಒಪ್ಪಿಗೆ ಪಡೆಯಿರಿ. ಕಟ್ಟಿದ ಪ್ರತಿ ರೂಪಾಯಿಗೆ ರಸೀತಿ ಇರಲಿ. ಫೀಸಿಗಾಗಿ ಮೇಸ್ತ್ರಿಯ ಹತ್ತಿರ ಬಡ್ಡಿ ಸಾಲ ಮಾಡಿ ಮುಂದಿನ ವರ್ಷದ ದುಡಿಮೆಯನ್ನು ಅಡವಿಡಬೇಡಿರಿ. ಹಾಗೆ ಓದಿದ ಮಗು ಕೊನೆಗೆ ಆ ಸಾಲ ತೀರಿಸಲೆಂದೇ ಶಾಲೆ ಬಿಡಬೇಕಾದೀತು. ಅಣ್ಣನಿಗೆ ಇಂಗ್ಲಿಷ್ ಶಾಲೆ, ತಂಗಿಗೆ ಮನೆಗೆಲಸ ಎಂಬ ತಾರತಮ್ಯವೂ ನಮ್ಮಲ್ಲಿ ಬೇಡ.

ಪ್ರತಿ ತೋಟದ ಅನ್ಯೋನ್ಯಕೂಟದಲ್ಲಿ ಒಂದು ಶಾಲಾ ಡಬ್ಬಿ ಇಡೋಣ. ಕುಯ್ಲಿನ ವಾರಗಳಲ್ಲಿ ಮನೆಗೆ ಹತ್ತು ಇಪ್ಪತ್ತು ರೂಪಾಯಿ ಬಿದ್ದರೂ ಸಾಕು, ಮಳೆಗಾಲದಲ್ಲಿ ಒಬ್ಬ ವಿಧವೆಯ ಮಗುವಿನ ಪುಸ್ತಕಕ್ಕೆ, ಒಬ್ಬನ ಪರೀಕ್ಷಾ ಫೀಸಿಗೆ ಆದೀತು. ಲೆಕ್ಕವನ್ನು ತಿಂಗಳಿಗೊಮ್ಮೆ ಎಲ್ಲರ ಮುಂದೆ ಓದಿ ಹೇಳಬೇಕು.

ದ್ರಾಕ್ಷೇತೋಟದ ಯಜಮಾನನು ಸಂಜೆ ಬಂದ ಕೂಲಿಯವನಿಗೂ ಬೆಳಿಗ್ಗೆ ಬಂದವನಷ್ಟೇ ಕೊಟ್ಟ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಕೂಲಿ ಮಾಡಿದವರಿಗೆ ಅದರ ರುಚಿ ಹೆಚ್ಚು ಗೊತ್ತು. ಅಕ್ಷರದ ತೋಟಕ್ಕೆ ನಮ್ಮ ಮಕ್ಕಳು ತಡವಾಗಿ ಬಂದವರು. ತಾಂಡೂರಿನ ಕಲ್ಲುಗಣಿಯ ಮಗುವಿಗೂ ನಮ್ಮ ಲೈನಿನ ಮಗುವಿಗೂ ಪೂರ್ತಿ ಕೂಲಿ ಸಲ್ಲಬೇಕು. ಅದು ಸಲ್ಲುವವರೆಗೆ ಕೇಳುತ್ತಲೇ ಇರೋಣ, ಕೊಡುತ್ತಲೂ ಇರೋಣ. ಕರ್ತನ ಕೃಪೆ ನಿಮ್ಮ ಮನೆಗಳಲ್ಲೂ ನಿಮ್ಮ ಮಕ್ಕಳ ಶಾಲೆಗಳಲ್ಲೂ ನೆಲೆಸಲಿ.