ದಿನವೂ ಕಚೇರಿಗೆ ಕ್ಯಾಬ್: ಪೀಕ್ ಅವರ್ ದರದ ಹೊರೆ ಯಾರಿಗೆ?

ಬೆಳಗ್ಗೆ 9 ಗಂಟೆಗೆ ಅಂಧೇರಿಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ಗೆ (ಬಿಕೆಸಿ) ಹೊರಟ ಉದ್ಯೋಗಿ ಆ್ಯಪ್ ತೆರೆದರೆ, ಮಧ್ಯಾಹ್ನದ ದರ ಅಲ್ಲಿ ಕಾಣುವುದು ಕಷ್ಟ. ಬೇಡಿಕೆ ಹೆಚ್ಚಾದಾಗ ದರ ಏರುವುದು ಕ್ಯಾಬ್ ಆ್ಯಪ್‌ಗಳ ಲೆಕ್ಕಾಚಾರ. ಅಪರೂಪಕ್ಕೆ ವಿಮಾನ ನಿಲ್ದಾಣಕ್ಕೆ ಹೋಗುವವರಿಗೆ ಇದು ಒಂದು ದಿನದ ಖರ್ಚು. ಆದರೆ ನೌಕರಿಗೆ ಹೋಗುವವರಿಗೆ ದಿನವೂ ಪೀಕ್ ಅವರ್. ಅವರ ಪಾಲಿಗೆ ಹೆಚ್ಚುವರಿ ದರವೇ ಮಾಮೂಲಿ ದರ.

ನಿಯಮ ಏನು ಹೇಳುತ್ತದೆ?

2020ರ ಕೇಂದ್ರ ಮಾರ್ಗಸೂಚಿಯಲ್ಲಿ ಮೂಲ ದರದ ಗರಿಷ್ಠ 1.5 ಪಟ್ಟು ವಸೂಲಿಗೆ ಅವಕಾಶವಿತ್ತು. 2025ರ ಜುಲೈನಲ್ಲಿ ಬಂದ ಹೊಸ ಮಾರ್ಗಸೂಚಿ ಈ ಮಿತಿಯನ್ನು 2 ಪಟ್ಟಿಗೆ ಏರಿಸಿತು. ಮೂಲ ದರ ನಿಗದಿ ಮಾತ್ರ ರಾಜ್ಯಗಳ ಕೈಯಲ್ಲಿದೆ. ಮಹಾರಾಷ್ಟ್ರವು 2025ರ ಸೆಪ್ಟೆಂಬರ್‌ನಲ್ಲಿ ಮುಂಬೈ ಮಹಾನಗರ ಪ್ರದೇಶದ ಆ್ಯಪ್ ಕ್ಯಾಬ್‌ಗಳಿಗೆ ಕಿ.ಮೀ.ಗೆ 22.72 ರೂ. ನಿಗದಿ ಮಾಡಿ, ಏರಿಕೆಯನ್ನು 1.5 ಪಟ್ಟಿಗೆ ಸೀಮಿತಗೊಳಿಸಿತು.

ತಿಂಗಳ ಲೆಕ್ಕ ಹೀಗಿದೆ

ಮನೆಯಿಂದ ಕಚೇರಿಗೆ 10 ಕಿ.ಮೀ., ತಿಂಗಳಿಗೆ 22 ಕೆಲಸದ ದಿನ ಎಂದುಕೊಳ್ಳೋಣ. ಮೂಲ ದರದಲ್ಲೇ ಹೋಗಿ ಬಂದರೆ ಸುಮಾರು 10 ಸಾವಿರ ರೂ. ಎರಡೂ ಹೊತ್ತು 1.5 ಪಟ್ಟು ತೆತ್ತರೆ 15 ಸಾವಿರ. ಕೇಂದ್ರ ಹೇಳಿದ 2 ಪಟ್ಟಿನ ಮಿತಿ ಅನ್ವಯವಾದರೆ 20 ಸಾವಿರ. ಮುಂಬೈ ಮೆಟ್ರೋ-3ರಲ್ಲಿ ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿ.ಮೀ. ಪೂರ್ತಿ ಪ್ರಯಾಣಕ್ಕೆ 70 ರೂ. ಅಷ್ಟೂ ದಿನ ಹೋಗಿ ಬಂದರೂ 3,080 ರೂ. ದಾಟದು.

ಹಣ ಕೊಡಲು ಸಿದ್ಧರಿದ್ದರೂ ಗಾಡಿ ಬಂದೇ ಬರುತ್ತದೆ ಎಂಬ ಖಾತ್ರಿಯಿಲ್ಲ. ಒಪ್ಪಿದ ಸವಾರಿಯನ್ನು ಚಾಲಕ ಸಕಾರಣವಿಲ್ಲದೆ ರದ್ದು ಮಾಡಿದರೆ ದರದ ಶೇ. 10, ಗರಿಷ್ಠ 100 ರೂ. ದಂಡ ಎನ್ನುತ್ತದೆ ಕೇಂದ್ರದ ಮಾರ್ಗಸೂಚಿ. 227 ರೂ. ಸವಾರಿಗೆ ಅದು ಹೆಚ್ಚೆಂದರೆ 23 ರೂ. ಹಾಜರಾತಿ ತಪ್ಪಿಸಿಕೊಂಡ ಉದ್ಯೋಗಿಗೆ ಆದ ನಷ್ಟ ಇದಕ್ಕಿಂತ ದೊಡ್ಡದು.

ಚಾಲಕರ ಪಾಡು

ಹಾಗೆಂದು ಚಾಲಕರನ್ನಷ್ಟೇ ದೂರುವಂತಿಲ್ಲ. ಮಧ್ಯಾಹ್ನ 25 ನಿಮಿಷದಲ್ಲಿ ಮುಗಿಯುವ ಹಾದಿಗೆ ಬೆಳಗ್ಗೆ ಒಂದು ಗಂಟೆ ಹಿಡಿದರೆ, ಕಿ.ಮೀ. ಲೆಕ್ಕದ ದರದಲ್ಲಿ ಆ ಸಮಯಕ್ಕೆ ಬೆಲೆ ಸಿಗುವುದಿಲ್ಲ. ಇಂಧನ, ಸಾಲದ ಕಂತು, ಆ್ಯಪ್ ಕಂಪನಿಯ ಕಮಿಷನ್ ಬೇರೆ. ನ್ಯಾಯಯುತ ದರಕ್ಕಾಗಿ ಮುಂಬೈ ಕ್ಯಾಬ್ ಚಾಲಕರು 2025ರ ಜುಲೈನಲ್ಲಿ ಮುಷ್ಕರ ಹೂಡಿದ್ದು ಇದೇ ಕಾರಣಕ್ಕೆ. ಸ್ವಂತ ವಾಹನದ ಚಾಲಕರಿಗೆ ದರದ ಶೇ. 80ರಷ್ಟಾದರೂ ಸಿಗಬೇಕು ಎಂದು ಕೇಂದ್ರ ಹೇಳಿದೆ. ಅದು ಪ್ರತಿ ಸವಾರಿಯಲ್ಲೂ ಪಾಲನೆಯಾದರೆ ರದ್ದತಿಯೂ ತಗ್ಗೀತು.

ಮುಂದೇನು?

ಒಬ್ಬೊಬ್ಬರಿಗೆ ಒಂದೊಂದು ಕಾರು ಎಂಬ ಲೆಕ್ಕದಲ್ಲಿ ಯಾವ ಮಹಾನಗರದ ರಸ್ತೆಯೂ ಸಾಲದು. ದಿಲ್ಲಿ ಸರ್ಕಾರ 2023ರಲ್ಲಿ ಆ್ಯಪ್ ಆಧಾರಿತ ಪ್ರೀಮಿಯಂ ಬಸ್ ಯೋಜನೆಗೆ ಅಧಿಸೂಚನೆ ಹೊರಡಿಸಿತು. ಮರುವರ್ಷ ಊಬರ್‌ಗೆ ಪರವಾನಗಿ ಸಿಕ್ಕಿತು. ಮೊದಲೇ ಸೀಟು ಕಾಯ್ದಿರಿಸುವ ಇಂಥ ಬಸ್ ನಿತ್ಯ ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಹೋಗುವವರಿಗೆ ಹೇಳಿ ಮಾಡಿಸಿದಂತಿದೆ. ಮೆಟ್ರೋ ನಿಲ್ದಾಣದಿಂದ ಕಚೇರಿವರೆಗಿನ ಒಂದೆರಡು ಕಿ.ಮೀ.ಗೆ ಆಟೋ, ಕ್ಯಾಬ್ ಬೇಕೇ ಬೇಕು. ಆದರೆ ಪೂರ್ತಿ ಹಾದಿಗೆ ಅದನ್ನೇ ನೆಚ್ಚಿಕೊಳ್ಳಬೇಕಾಗಿ ಬಂದರೆ, ಅದು ಸಾರ್ವಜನಿಕ ಸಾರಿಗೆಯ ಸೋಲು.

ಸರ್ಕಾರಗಳು ಮಿತಿ ಹೇರಿರುವುದು ಒಂದೊಂದು ಸವಾರಿಯ ಮೇಲೆ. ನಿತ್ಯ ಪ್ರಯಾಣಿಕರು ಹಣ ತೆರುವುದು ತಿಂಗಳ ಸಂಬಳದಿಂದ. ರೈಲು, ಬಸ್‌ಗಳಲ್ಲಿರುವಂತೆ ಆ್ಯಪ್ ಸವಾರಿಗೂ ನಿಗದಿತ ದರದ ಮಾಸಿಕ ಪಾಸ್ ಬೇಕಲ್ಲವೇ ಎಂಬ ಪ್ರಶ್ನೆಗೆ ಈ ಮಾರ್ಗಸೂಚಿಗಳಲ್ಲಿ ಉತ್ತರವಿಲ್ಲ.