ಅಡುಗೆ ಮಾಡಿದವರು ಯಾರು ಎಂದು ಕೇಳುವವರಿಗೆ

1957ರಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರನ್ನು ವೈದ್ಯಗ್ರಂಥಗಳಿಗೆ ಸೇರಿಸಿತು. ಇಂದಿಗೂ ಕಾಡಂಚಿನಲ್ಲಿ ಮಂಗ ಸತ್ತರೆ ಜನ ಬೆಚ್ಚುತ್ತಾರೆ. ಅದು ಸರಿಯೇ. ಆದರೆ ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ ಮದುವೆ ಊಟ ಉಂಡವರಿಗೆ ವಾಂತಿಭೇದಿಯಾದರೆ 'ಊಟ ಒಗ್ಗಲಿಲ್ಲ' ಎಂದು ಸುಮ್ಮನಾಗುತ್ತೇವೆ.

ಊಟದ ಬಗ್ಗೆ ನಾವು ಪ್ರಶ್ನೆ ಕೇಳುವುದಿಲ್ಲವೆಂದಲ್ಲ. ಬೇಯಿಸಿದವರ ಜಾತಿ ಯಾವುದು, ಸಸ್ಯಾಹಾರವೋ ಮಾಂಸಾಹಾರವೋ, ಹಲಾಲ್ ಬೋರ್ಡು ಇದೆಯೋ ಇಲ್ಲವೋ ಎಂದೆಲ್ಲ ಕೇಳುತ್ತೇವೆ. ಬೇಯಿಸಿ ಎಷ್ಟು ಹೊತ್ತಾಯಿತು, ನೀರು ಎಲ್ಲಿಯದು, ಬಡಿಸುವವರು ಕೈ ತೊಳೆದರೇ ಎಂದು ಕೇಳುವವರೆಷ್ಟು ಮಂದಿ?

ಅನ್ನ ಬೆಂದರೂ ಅದರಲ್ಲಿನ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಸಾಯುವುದಿಲ್ಲ. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಶಾಖ ರೋಗಾಣುಗಳ ಬೆಳವಣಿಗೆಗೆ ಅನುಕೂಲ. ತಕ್ಕ ಶಾಖ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ರೋಗಾಣು 7 ಗಂಟೆಗಳಲ್ಲಿ 20 ಲಕ್ಷ ದಾಟುತ್ತದೆ. ಮಡಿಯುಟ್ಟು ಬಡಿಸುವವರ ಕೈಯಲ್ಲಿ ಕೀವಿನ ಗಾಯವಿದ್ದರೆ ಸ್ಟೆಫಿಲೊಕಾಕಸ್ ಊಟಕ್ಕಿಳಿಯುತ್ತದೆ. ಅದು ಉಗುಳಿದ ವಿಷ ಮತ್ತೆ ಕುದಿಸಿದರೂ ಹೋಗದು. ಹಸಿ ಕೋಳಿ ಕೊಯ್ದ ಕತ್ತಿಯಲ್ಲೇ ಈರುಳ್ಳಿ ಹೆಚ್ಚಿದರೆ ಸಾಲ್ಮೊನೆಲ್ಲಾ ದಾಟುತ್ತದೆ. ಹಲಾಲ್ ಆದದ್ದು ತಯ್ಯಿಬ್, ಅಂದರೆ ಶುದ್ಧವೂ ಆಗಿರಬೇಕೆಂಬುದನ್ನು ನಮ್ಮ ಸಮುದಾಯ ಮರೆತಂತಿದೆ.

ದೂರದ ಮಾತಲ್ಲ. 2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮ ತಿಂದ ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಶಿಗೆಲ್ಲಾ. ಮನುಷ್ಯನ ಮಲದಿಂದ ಕೈಗೆ, ಕೈಯಿಂದ ತಿಂಡಿಗೆ ದಾಟುವ ಬ್ಯಾಕ್ಟೀರಿಯಾ ಅದು. ಆಮೇಲೆ ಕೇರಳ ಸರಕಾರ ಶವರ್ಮ ಪಾರ್ಸೆಲಿನ ಮೇಲೆ ತಯಾರಿಸಿದ ಸಮಯ ಬರೆಯಬೇಕೆಂದು ನಿಯಮ ಮಾಡಿತು. ಆ ನಿಯಮಕ್ಕೆ ಒಂದು ಜೀವ ಹೋಗಬೇಕಿತ್ತೆ?

ಬಡ ಗಾಡಿಯವರ ಹೊಟ್ಟೆಗೆ ಹೊಡೆಯಬೇಡಿ ಎನ್ನುವವರಿದ್ದಾರೆ. ನಾವೂ ಅದನ್ನೇ ಹೇಳುತ್ತೇವೆ. ಆಹಾರ ಸುರಕ್ಷತೆಯ 2006ರ ಕಾಯಿದೆಯಲ್ಲಿ ಕೊಳಕು ಅಡುಗೆಗೆ ಒಂದು ಲಕ್ಷ ರೂಪಾಯಿವರೆಗೆ ದಂಡವಿದೆ. ಆದರೆ ಕೈ ತೊಳೆಯಲು ನಲ್ಲಿಯೇ ಇಲ್ಲದ ಕಡೆ ದಂಡ ಹಾಕಿದರೆ ರೋಗ ನಿಲ್ಲುತ್ತದೆಯೇ? ಗಾಡಿಗಳು ನಿಲ್ಲುವಲ್ಲಿ ಶುದ್ಧ ನೀರು, ಸೋಪು, ಶೌಚಾಲಯ ಒದಗಿಸುವುದು ಸ್ಥಳೀಯ ಆಡಳಿತದ ಹೊಣೆ. ತೆರಿಗೆ ಕಟ್ಟುವ ನಾವು ಅದನ್ನು ಕೇಳಿ ಪಡೆಯಬೇಕು.

ಚಂದ್ರಗುತ್ತಿಯ ಜಾತ್ರೆಯಿರಲಿ, ವಲೀಮಾ ಇರಲಿ, ಶಾಲೆಯ ಬಿಸಿಯೂಟವಿರಲಿ, ಎಲೆಯ ಮುಂದೆ ಕೂತಾಗ ಬೇಯಿಸಿದವರ ಜಾತಿ-ಧರ್ಮ ವಿಚಾರಿಸುವುದನ್ನು ಬಿಡೋಣ. ಬೇಯಿಸಿದ ಹೊತ್ತು ವಿಚಾರಿಸೋಣ.