ಮನೆಯ ಮಾತು: ಹಾಡುಗಾರನ ಹಗಲು

ಶಹಾಪುರದ ಕಡೆಯ ಶಿರವಾಳದಿಂದ ಗೃಹಸ್ಥರೊಬ್ಬರು ನಮಗೆ ಪತ್ರವನ್ನು ಬರೆದಿರುವರು. ಹಳೆಯ ಗುಡಿಗಳಿಂದ ಹೆಸರುಗೊಂಡ ಆ ಊರಿನಲ್ಲಿ ಅವರದು ಹೊಲಮನೆಯುಳ್ಳ ಸಾಧಾರಣ ಸಂಸಾರ. ಹತ್ತನೆಯ ತರಗತಿಯಲ್ಲಿ ಓದುವ ಮಗನಿಗೆ ಹಾಡಿನ ಹುಚ್ಚು ಹಿಡಿದಿದೆ. ಅದೂ ನಮ್ಮ ಕಡೆಯ ಹಾಡಲ್ಲ. 1950ರ ದಶಕದಲ್ಲಿ ಅಮೇರಿಕವನ್ನೆಲ್ಲ ಕುಣಿಸಿದ ರಾಕ್ ಅಂಡ್ ರೋಲ್ ಎಂಬ ಬಗೆಯದು. ಕಳೆದ ತಿಂಗಳು ಹುಡುಗನು ಮುಂಬಯಿಗೆ ಹೋಗುವೆನೆಂದು ಎರವಲು ಗಿಟಾರನ್ನು ಹೆಗಲಿಗೇರಿಸಿ ಯಾದಗಿರಿಯ ರೈಲು ನಿಲ್ದಾಣವನ್ನು ಮುಟ್ಟಿದ್ದನಂತೆ. ಗುರುತಿನವರು ಕಂಡು ಕರೆತಂದರು. "ಅಂದಿನಿಂದ ಅವನ ತಾಯಿ ರಾತ್ರಿ ಬಾಗಿಲಿಗೆ ಅಡ್ಡಲಾಗಿ ಮಲಗುತ್ತಾಳೆ. ಈ ಹಾಡುಗಾರರ ದಿನಚರಿಯಾದರೂ ಎಂಥದು, ತಿಳಿಸಿರಿ" ಎಂದು ತಂದೆಯವರ ಪ್ರಾರ್ಥನೆ.

ಮೊದಲು ಹುಡುಗನ ಆರಾಧ್ಯದೈವವನ್ನೇ ನೋಡೋಣ. ಎಲ್ವಿಸ್ ಪ್ರೆಸ್ಲಿ ಎಂಬ ತರುಣನು 1954ರಲ್ಲಿ ಮೆಂಫಿಸ್ ಪಟ್ಟಣದಲ್ಲಿ ಲಾರಿ ನಡೆಸಿ ಹೊಟ್ಟೆ ಹೊರೆಯುತ್ತಿದ್ದನು. ಆ ಜುಲೈನಲ್ಲಿ ಅವನ ಮೊದಲ ಧ್ವನಿಮುದ್ರಿಕೆಯಾಯಿತು. ಮುಂದಿನ ವರುಷವೆಲ್ಲ ಅವನ ಬಾಳು ಮೋಟಾರಿನಲ್ಲಿಯೇ ಕಳೆಯಿತು. ಇಬ್ಬರು ಜೊತೆಗಾರರು, ಮೇಲ್ಛಾವಣಿಗೆ ಕಟ್ಟಿದ ದೊಡ್ಡ ತಂತಿವಾದ್ಯ, ಇಂದು ಒಂದೂರು, ನಾಳೆ ನೂರಾರು ಮೈಲು ದೂರದ ಇನ್ನೊಂದೂರು. ಶನಿವಾರ ಬಂದಿತೆಂದರೆ ಶ್ರೀವ್‌ಪೋರ್ಟ್ ಎಂಬ ಊರಿನ ರೇಡಿಯೋ ಕಾರ್ಯಕ್ರಮಕ್ಕೆ ಮರಳಿ ಓಡಲೇಬೇಕು. ಅದಕ್ಕೆ ದೊರೆಯುತ್ತಿದ್ದುದು ರಾತ್ರಿಗೆ 18 ಡಾಲರು. ಜಗತ್ತು ಅವನನ್ನು ಕಂಡು ಕಿರಿಚಿದ್ದು 1956ರಲ್ಲಿ. ಹುಡುಗನು ನೋಡಿರುವುದು ಆ ಕಿರಿಚಾಟವನ್ನು ಮಾತ್ರ.

ಅಷ್ಟು ದೂರವೇಕೆ? ಅದೇ ದಶಕದಲ್ಲಿ ನಮ್ಮವರೇ ಒಬ್ಬರು ಅದೇ ಬಗೆಯಾಗಿ ಮೋಟಾರಿನಲ್ಲಿ ರಾತ್ರಿಗಳನ್ನು ಕಳೆಯುತ್ತಿದ್ದರು. ಪಂಡಿತ ಭೀಮಸೇನ ಜೋಶಿಯವರನ್ನು ಅರಿಯದ ಕನ್ನಡದ ಮನೆ ಇರಲಾರದು. 1922ರಲ್ಲಿ ರೋಣದಲ್ಲಿ ಹುಟ್ಟಿದ ಇವರು ಬಾಲ್ಯದಲ್ಲಿ ಭಜನೆಯ ಮೇಳವೋ ವಾಲಗದ ಮೆರವಣಿಗೆಯೋ ಕಂಡರೆ ಅದರ ಬೆನ್ನುಹತ್ತಿ, ದಣಿದಲ್ಲಿಯೇ ಮಲಗಿಬಿಡುತ್ತಿದ್ದರು. ಹುಡುಕಿ ಹುಡುಕಿ ಬೇಸತ್ತ ತಂದೆ ಗುರುರಾಜ ಜೋಶಿಯವರು ಮಗನ ಅಂಗಿಗಳ ಮೇಲೆಲ್ಲ "ಜೋಶಿ ಮಾಸ್ತರರ ಮಗ" ಎಂದು ಬರೆಯಿಸಿಟ್ಟರು. ಕಂಡವರು ಕರೆತಂದು ಒಪ್ಪಿಸುತ್ತಿದ್ದರು. ನಗುವ ಮಾತೇ ಸರಿ. ಆದರೆ ಆ ತಂದೆ ಹೊಡೆದು ಕೂಡಿಹಾಕಲಿಲ್ಲ, ಗುರುತು ಬರೆದು ಬಿಟ್ಟರೆಂಬುದನ್ನು ಶಿರವಾಳದ ಗೃಹಸ್ಥರು ಲಕ್ಷ್ಯದಲ್ಲಿಡಬೇಕು.

ಆದರೂ 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ, ಹುಡುಗನು ಮನೆಬಿಟ್ಟು ರೈಲು ಹತ್ತಿದನು. ಅಬ್ದುಲ್ ಕರೀಮ ಖಾನರ ಗ್ರಾಮಫೋನು ತಟ್ಟೆಯೊಂದು ಅವನ ತಲೆ ಕೆಡಿಸಿತ್ತು. ಗುರುವನ್ನರಸಿ ಗ್ವಾಲಿಯರ ಮೊದಲಾದ ಊರುಗಳನ್ನು ಅಲೆದು ಕಡೆಗೆ ಜಲಂಧರವನ್ನು ಸೇರಿದನು. ಅಲ್ಲಿ ವಿನಾಯಕರಾವ ಪಟವರ್ಧನರು, ಗುರುಗಳು ನಿಮ್ಮ ಊರ ಮಗ್ಗುಲಲ್ಲಿಯೇ ಇರುವಾಗ ಇಷ್ಟು ದೂರ ಬರುವುದೇತಕ್ಕೆಂದು ಕೇಳಿದರಂತೆ. ಮನೆಗೆ ಮರಳಿದ ಮೇಲೆ ಮಗನನ್ನು ಕುಂದಗೋಳದ ಸವಾಯಿ ಗಂಧರ್ವರಲ್ಲಿ ಇರಿಸಲಾಯಿತು.

ಅಲ್ಲಿಯ ದಿನಚರಿಯನ್ನು ನಮ್ಮ ಪತ್ರಲೇಖಕರ ಮಗನು ಗಮನವಿಟ್ಟು ಓದಲಿ. ಬೆಳಗಿನ ಜಾವದಲ್ಲಿ ಎದ್ದು ಕೆಳಗಿನ ಸ್ವರಗಳ ಸಾಧನೆ. ಬಳಿಕ ಗುರುಗಳ ಮನೆಗೆ ಕೊಡಗಳಲ್ಲಿ ನೀರು ಹೊರುವುದು ಮತ್ತು ಮನೆಯ ಇತರ ಕೆಲಸಗಳು. ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಇವೇ ಮೂರು ರಾಗಗಳು ಬಹುಕಾಲ! ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬರುತ್ತಿದ್ದ ಗಂಗೂಬಾಯಿ ಹಾನಗಲ್ಲರನ್ನು ನಿಲ್ದಾಣದವರೆಗೆ ಕಳಿಸಹೋಗುತ್ತ, "ಅಕ್ಕಾ, ಇಂದೇನು ಹೇಳಿಕೊಟ್ಟರು?" ಎಂದು ದಾರಿಯುದ್ದಕ್ಕೂ ಕೆದಕುತ್ತಿದ್ದುದನ್ನು ಆ ಮಹಾತಾಯಿ ಮುಪ್ಪಿನಲ್ಲಿಯೂ ನೆನೆಯುತ್ತಿದ್ದರು. ಮನೆಬಿಟ್ಟು ಓಡಿದ ಹುಡುಗನಿಗೆ ವಿದ್ಯೆ ದೊರೆತದ್ದು ಮನೆಯಿಂದ ಕೆಲವು ಹರದಾರಿಗಳ ಅಂತರದಲ್ಲಿ.

1943ರಲ್ಲಿ ಮುಂಬಯಿಯ ರೇಡಿಯೋ, 1946ರಲ್ಲಿ ಗುರುಗಳ ಅರುವತ್ತರ ಸಮಾರಂಭದಲ್ಲಿ ಪುಣೆಯ ಕಚೇರಿ. ಅಲ್ಲಿಂದ ಹೆಸರು ಹಬ್ಬಿತು. 1952ರಲ್ಲಿ ಗುರುಗಳು ತೀರಿಕೊಂಡರು; ಮರುವರುಷವೇ ಅವರ ಹೆಸರಿನ ಸಂಗೀತೋತ್ಸವ ಪುಣೆಯಲ್ಲಿ ಮೊದಲಾಯಿತು. ಆ ದಶಕದ ಜೋಶಿಯವರೆಂದರೆ ತಂಬೂರಿ, ತಬಲಾ, ಜೊತೆಗಾರರು ಎಲ್ಲವನ್ನೂ ಮೋಟಾರಿಗೆ ತುಂಬಿ ತಾವೇ ಚಾಲಕರಾಗಿ ಕುಳಿತು ರಾತ್ರಿಯೆಲ್ಲ ಓಡಿಸುವವರು. ಯಂತ್ರ ಕೆಟ್ಟರೆ ರಿಪೇರಿಯೂ ಅವರಿಗೆ ಗೊತ್ತಿತ್ತು. ಅಪಘಾತಗಳೂ ಆದವು. ಮುಂದೆ ವಿಮಾನದ ಓಡಾಟ ಹೆಚ್ಚಿದಾಗ ಪು. ಲ. ದೇಶಪಾಂಡೆಯವರು ವಿನೋದದಿಂದ "ಹವಾಯಿ ಗಂಧರ್ವ"ರೆಂದು ಕರೆದರು. 1956ರ 'ಬಸಂತ ಬಹಾರ' ಎಂಬ ಹಿಂದಿ ಚಿತ್ರದಲ್ಲಿ ಮನ್ನಾ ಡೇ ಅವರು ಇವರೊಡನೆ ಹಾಡಿ ಕಥೆಯ ಪ್ರಕಾರ ಇವರನ್ನು ಸೋಲಿಸಬೇಕಿತ್ತು. ಆ ಭಯಕ್ಕೆ ಊರು ಬಿಟ್ಟು ಓಡಿಹೋಗಲು ಯೋಚಿಸಿದ್ದರಂತೆ ಮನ್ನಾ ಡೇ!

ಇನ್ನು ಚಪ್ಪಾಳೆಯಾಚೆಯ ಮಾತು. ತಾಯಂದಿರು ಕೇಳುವುದು ಇದನ್ನೇ. ಅನ್ನಕ್ಕೆ ಹೊತ್ತಿಲ್ಲ, ನಿದ್ದೆಗೆ ಹೊತ್ತಿಲ್ಲ, ಎರಡು ಸಂಸಾರಗಳ ಭಾರ, ಮಕ್ಕಳು ಮಲಗಿದ ಮೇಲೆ ಮನೆಗೆ ಬಂದು ಏಳುವ ಮೊದಲೇ ಹೊರಡುವ ತಂದೆ. ಕುಡಿತದ ಚಟವೂ ಬಹುವರುಷ ಕಾಡಿತು. ನಡುವಯಸ್ಸು ದಾಟಿದ ಮೇಲೆ ಅದನ್ನು ಬಿಟ್ಟು ಗೆದ್ದರು. ಇದನ್ನು ಮುಚ್ಚಿಡುವುದು ಹುಡುಗನಿಗೆ ಮಾಡುವ ಮೋಸವೆಂದು ನಮಗೆ ತೋರುತ್ತದೆ. ಆದರೆ ಇದನ್ನಷ್ಟೇ ಹೇಳಿ ಹೆದರಿಸಿದರೆ ಅದೂ ಮೋಸವೇ. ಅದೇ ಕಂಠವು ದಾಸರ ಪದಗಳನ್ನು ನಮ್ಮ ಅಡಿಗೆಮನೆಗಳವರೆಗೆ ತಂದಿತಲ್ಲವೆ?

ಆದುದರಿಂದ ಶಿರವಾಳದ ಗೃಹಸ್ಥರಿಗೆ ನಮ್ಮದೊಂದು ಸೂಚನೆ. ಮಗನಿಗೆ ಅಂಗಿಯ ಮೇಲೆ ಹೆಸರು ಬರೆಯಿಸುವ ವಯಸ್ಸು ದಾಟಿತು. ಗಿಟಾರನ್ನು ಕಸಿಯಬೇಡಿರಿ, ತಾಯಿಯವರು ಬಾಗಿಲನ್ನು ಬಿಟ್ಟು ತಮ್ಮ ಹಾಸಿಗೆಯಲ್ಲಿ ಮಲಗಲಿ. ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ವಾರವೇ ತಂದೆಮಕ್ಕಳಿಬ್ಬರೂ ಗದಗಿಗೆ ಹೊರಡಿರಿ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಅಲ್ಲಿದೆ. ಕಣ್ಣಿಲ್ಲದ ಮಕ್ಕಳೂ ಬಡಮಕ್ಕಳೂ ಉಂಡು ತಂಗಿ ಸಂಗೀತ ಕಲಿಯುವ ಸ್ಥಳ. ಅಲ್ಲಿಂದ ಕುಂದಗೋಳವೂ ದೂರವಲ್ಲ. ಕಲಿಯುವವರ ಒಂದು ದಿನವನ್ನು ಹುಡುಗನು ಕಣ್ಣಾರೆ ಕಾಣಲಿ. ಪ್ರಯಾಣಕ್ಕೆ ಎರಡು ಟಿಕೀಟುಗಳನ್ನು ಅವನ ಕೈಯಿಂದಲೇ ಕೊಳ್ಳಿಸಿರಿ. ಬಂದ ಮೇಲೆ ಮುಂದಿನ ಪತ್ರವನ್ನು ನೀವು ಬರೆಯುವುದು ಬೇಡ, ಅವನೇ ಬರೆಯಲಿ. ನಾವು ಕಾದಿರುವೆವು.